ಹೆಣ್ಣಿನ ಅಪ್ಪನನ್ನು ಡೆಲ್ಲಿಗೆ ಕರ್ಕೊಂಡು ಹೋಗುವವರಿಗೆ

ಇದು ಸುಳ್ಳು ಅನ್ನುವವರು ಯಾರಾದರೂ ಇದ್ದರೆ ಈಗಲೇ ಹೇಳಿಬಿಡಿ. ಓದಿ ಮುಗಿಸಿದ ಮೇಲೆ "ಇಂಗೂ ಉಂಟಾ?" ಅಂತ ತಲೆ ಕೆರೆಯಬೇಡಿ. ಚಿನಕುರಳಿಗೆ ಹೋಗಿ ಯಾರ ಮನೆ ಜಗಲಿಯಲ್ಲಾದರೂ ಕೂತು ಕೇಳಿ, ನಾನು ಬಿಟ್ಟಿರುವುದನ್ನೂ ಸೇರಿಸಿ ಹೇಳುತ್ತಾರೆ. ಬೇರೆಯವರಿಗೆ ವರ್ಷಕ್ಕೊಂದು ಅವಾಂತರ ಆದರೆ ನನಗೆ ವಾರಕ್ಕೊಂದು. ಅಭ್ಯಾಸ ಆಗಿಹೋಗಿದೆ. ಆದರೆ ಡೆಲ್ಲಿಗೆ ಹೊರಟವರು ನನ್ನ ಹತ್ತಿರ ಬಂದು "ಅಲ್ಲಿ ಎಂಗೆ, ಏನು?" ಅಂತ ಕೇಳುತ್ತಲೇ ಇರುತ್ತಾರೆ. ಎಲ್ಲರಿಗೂ ಬಾಯಲ್ಲಿ ಹೇಳಿ ಸಾಕಾಯಿತು. ಬರೆದಿಟ್ಟರೆ ನನಗೂ ನೆಮ್ಮದಿ, ಅವರಿಗೂ ಉಪಯೋಗ.

ಮೊದಲು, ಯಾರ ಜೊತೆ ಹೋಗಬಾರದು

ನಾನು ಬಿಂಡಿಗನವಿಲೆಯವನು. ಬಿಂಡಿಗನವಿಲೆಯಿಂದ ನಾಗಮಂಗಲದವರೆಗೆ ನನ್ನ ಕುರಿಗಳಂಥ ಕುರಿ ಇನ್ನೊಬ್ಬರ ಹಟ್ಟಿಯಲ್ಲಿ ಇಲ್ಲ. ಬೇಕಾದರೆ ಹುಡುಕಿ ನೋಡಿ. ಹಸು ಕಟ್ಟಿದ್ದೇನೆ, ಮಳೆ ನಂಬಿ ರಾಗಿ ಬೆಳೆಯುತ್ತೇನೆ, ಟ್ರಾಕ್ಟರು ಬಿಚ್ಚಿ ಜೋಡಿಸುತ್ತೇನೆ. ಅದಕ್ಕೂ ಮುಂಚೆ ಟೊಮೇಟೊ ಲಾರಿ ಹತ್ತಿ ಡೆಲ್ಲಿ ಮಂಡಿಗೆ ಓಡಿಸಿದವನು. ಆ ಊರಿನ ಮಂಜಿನಲ್ಲಿ ಲಾರಿ ಓಡಿಸಿದವನಿಗೆ ಬೇರೆ ಯಾವ ಊರೂ ಲೆಕ್ಕವಲ್ಲ.

ಇಷ್ಟೆಲ್ಲ ಇದ್ದರೂ ಹೆಣ್ಣು ಮಾತ್ರ ಸಿಗಲಿಲ್ಲ. ವ್ಯವಸಾಯ ಅಂದ ಕೂಡಲೇ ಹೆಣ್ಣಿನ ಮನೆಯವರ ಮುಖ ಹಾಗಲಕಾಯಿ ತಿಂದಂತೆ ಆಗುತ್ತದೆ. ಒಬ್ಬರಂತೂ ಫೋನಿನಲ್ಲಿ ನಮ್ಮ ಕುಲ, ದೇವರು, ಅಜ್ಜನ ಹೆಸರು ಎಲ್ಲ ಕೇಳಿ, ಕೊನೆಗೆ ಕೆಲಸ ಏನು ಅಂತ ಗೊತ್ತಾದ ಮೇಲೆ "ರಾಂಗ್ ನಂಬರ್" ಅಂದು ಇಟ್ಟರು.

ಆಗ ಕೆ.ಆರ್.ಪೇಟೆಯ ಮೇಷ್ಟ್ರೊಬ್ಬರು ಚಿನಕುರಳಿಯ ಸಂಬಂಧ ತಂದರು. ಹಿಂದಿ ಪಾಠ ಮಾಡಿ ರಿಟೈರ್ ಆದವರು, ಈಗ ಹೆಣ್ಣು ಗಂಡು ಜೋಡಿಸುವುದೇ ಕೆಲಸ. ಹುಡುಗಿಯ ಅಪ್ಪನನ್ನು ಊರೆಲ್ಲ ಯಜಮಾನ್ರು ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಅವರಿಗೆ ಒಬ್ಬಳೇ ಮಗಳು. ಅವಳು ಕಾಫಿ ತಂದಿಟ್ಟು ಒಂದು ಸಲ ತಲೆ ಎತ್ತಿ ನೋಡಿದಳು. ನನಗೆ ಅಷ್ಟೇ ಸಾಕಾಯಿತು.

ಅವರು ನಮ್ಮ ಮನೆ ನೋಡಲು ಬಂದರು. ಕುರಿ ನೋಡಿದರು, ಬೋರ್‌ವೆಲ್ ನೋಡಿದರು, ಕೊಟ್ಟಿಗೆ ಮೇಲಿನ ಹೆಂಚು ಸಮೇತ ನೋಡಿದರು. ಕಾಫಿ ಕುಡಿದರು. ನಮ್ಮವ್ವ ಎಲೆ ಹಾಕಿದಳು. ಯಜಮಾನ್ರು ಎದ್ದು ನಿಂತು, "ಊಟ ಇನ್ನೊಂದ್ ಕಿತ ಆಗ್ಲಿ ಬುಡಿ" ಅಂದರು.

ಇದು ನಮ್ಮ ಕಡೆಯ ಕಟ್ಟು. ಹೆಣ್ಣು ಕೊಡುವವರು ಗಂಡಿನ ಕಡೆ ಕಾಫಿ ಕುಡಿಯಬಹುದು, ಮಜ್ಜಿಗೆ ಕುಡಿಯಬಹುದು. ಕೂತು ಉಂಡರೋ, ಒಪ್ಪಿದರು ಅಂತಲೇ ಅರ್ಥ. ಹೊರಡುವಾಗ ಅವರೇ ಅಂದರು: "ಡೆಲ್ಲಿ ಅಂಗೈ ಇದ್ದಂಗೆ ಅಂತ ಊರೆಲ್ಲ ಏಳ್ಕಂಡು ತಿರುಗ್ತೀಯಂತೆ. ನಮ್ಮವ್ವ ಕಣ್ಮುಚ್ಚೋದ್ರೊಳ್ಗೆ ಡೆಲ್ಲಿ ನೋಡ್ಬೇಕು ಅಂತಾವ್ಳೆ. ತೋರ್ಸ್ಕಂಡ್ ಬಾ. ಆಮ್ಯಾಕೆ ಕುಂತು ಮಾತಾಡಾನ."

ನಾನು ಒಳಗೊಳಗೇ ಕುಣಿದೆ. ಗೊತ್ತಿಲ್ಲದ ಊರಿನಲ್ಲಿ ನನ್ನ ಕೈಯಲ್ಲದೆ ಇನ್ಯಾರ ಕೈಯಲ್ಲಿ ಉಣ್ಣುತ್ತಾರೆ? ಒಂದೇ ಒಂದು ಊಟ ನನ್ನ ಕಡೆಯಿಂದ ಇವರ ಹೊಟ್ಟೆಗೆ ಹೋದರೆ ಸಾಕು, ಹುಡುಗಿ ನನ್ನವಳು. ಹೊರಟೆವು. ಯಜಮಾನ್ರು, ಹಲ್ಲಿಲ್ಲದ ಅವರವ್ವ, ಮೇಷ್ಟ್ರು, ಜೊತೆಗೆ ಅವರ ಮನೆಗೆ ಒಳ್ಳೆಯದು ಕೆಟ್ಟದ್ದು ನೋಡಿ ಹೇಳುವ ಶ್ರೀರಂಗಪಟ್ಟಣದ ಐನೋರು. ಮೇಲೆ ನಾನು.

ರೈಲಿನಲ್ಲಿ ಮೊಸರನ್ನ ಕೊಂಡು ತಂದೆ. ಯಜಮಾನ್ರು ತಮ್ಮ ರೊಟ್ಟಿ ಗಂಟು ಬಿಚ್ಚಿಕೊಂಡು, ನನ್ನ ಪೊಟ್ಟಣವನ್ನು ಅವ್ವನ ಕಡೆ ತಳ್ಳಿದರು. ಇಡ್ಲಿ ತಂದೆ, ಅದೂ ಅಜ್ಜಿಗೆ. ಉಪ್ಪಿಟ್ಟು ತಂದೆ, ಅದೂ ಅಜ್ಜಿಗೆ. "ಅವ್ವ ಉಂಡ್ರೆ ತಪ್ಪಿಲ್ಲ. ಹೆಣ್ಣು ಕೊಡೋಳು ಅವಳಲ್ವಲ್ಲ" ಅಂದರು. ನಮ್ಮ ಕಡೆಯ ಲೆಕ್ಕದಲ್ಲಿ ನೋಡಿದರೆ, ರೈಲು ಆಗ್ರಾ ದಾಟುವ ಹೊತ್ತಿಗೆ ಅಜ್ಜಿಗೂ ನನಗೂ ಮದುವೆ ಆಗಿಹೋಗಿತ್ತು.

ಸಾಮಾನು ಕಡಿಮೆ ಇರಲಿ

ಡೆಲ್ಲಿಗೆ ಸ್ವೆಟರು ಬೇಕು, ಕಿವಿಗೆ ಮಫ್ಲರು ಬೇಕು, ಗುರುತಿನ ಚೀಟಿ ಬೇಕು. ಮುದ್ದೆ ತಿರುವುವ ಕೋಲು ಬೇಡ. ಹೀಗಂತ ನಾನು ಚಿನಕುರಳಿಯಲ್ಲೇ ಬಾಯಿ ಬಡಕೊಂಡಿದ್ದೆ. ಅಜ್ಜಿ ಕೇಳಲಿಲ್ಲ. "ಇಟ್ಟು ಉಣ್ದೆ ಎಂಗ್ಲಾ ಇರೋದು? ಅಲ್ಲಿ ಕೋಲು ಸಿಕ್ತದಾ?" ಅಂತ ರಾಗಿಹಿಟ್ಟಿನ ಜೊತೆ ಕೋಲನ್ನೂ ಸೀರೆಯೊಳಗೆ ಸುತ್ತಿಟ್ಟಿದ್ದಳು. ಒಳ್ಳೆ ಜಾಲಿ ಮರದ್ದು, ನಯವಾಗಿ ಕಪ್ಪಗೆ ತೇದುಹೋಗಿ, ಕೈಗೆ ಕೊಟ್ಟರೆ ಯಾರಿಗಾದರೂ ಬೀಸೋಣ ಅನ್ನಿಸುವಂಥದ್ದು.

ಡೆಲ್ಲಿ ಮೆಟ್ರೋದಲ್ಲಿ ಪ್ರತಿ ಸಲವೂ ಬ್ಯಾಗನ್ನು ಮೆಷಿನ್ನಿನೊಳಗೆ ಕಳಿಸಬೇಕು. ನಮ್ಮ ಬ್ಯಾಗು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಕಾವಲಿಗಿದ್ದ ಹೆಂಗಸು ಕೋಲು ಎಳೆದು ತೆಗೆದು ಎತ್ತಿ ಹಿಡಿದಳು. ಹಿಂದಿದ್ದ ಜನ ಎರಡು ಹೆಜ್ಜೆ ಹಿಂದೆ ಸರಿದರು.

ಮೇಷ್ಟ್ರು ಮುಂದೆ ಬಂದು ಹಿಂದಿಯಲ್ಲಿ ವಿವರಿಸಿದರು. ಅವರ ಹಿಂದಿ ಎಷ್ಟು ಶುದ್ಧ ಅಂದರೆ, ಆಯಮ್ಮ ವಾರ್ತೆ ಕೇಳುವ ಹಾಗೆ ಸುಮ್ಮನೆ ನಿಂತು ಕೇಳಿದಳೇ ಹೊರತು ಕೋಲು ಬಿಡಲಿಲ್ಲ.

ಅಜ್ಜಿಗೆ ರೇಗಿತು. "ಸರೀರಿ ಅತ್ಲಾಗೆ" ಅಂದಳು. ಅಲ್ಲಿದ್ದ ಪ್ಲಾಸ್ಟಿಕ್ ಬುಟ್ಟಿ ನೆಲಕ್ಕೆ ಹಾಕಿ, ಎರಡೂ ಪಾದ ಕೊಟ್ಟು ಅದುಮಿ, ಕೋಲು ಕಿತ್ತುಕೊಂಡು ಎರಡು ಕೈಯಲ್ಲಿ ತಿರುವಿದಳು. ಕೈಯಲ್ಲಿ ಉಂಡೆ ಕಟ್ಟಿ, ಬಾಯಿಗೆ ಹಾಕಿ, ಗುಳುಂ ಅಂತ ನುಂಗಿ, ಹೊಟ್ಟೆ ಸವರಿ ತೋರಿಸಿದಳು. ಕಾವಲಿನ ಹೆಂಗಸು ನಕ್ಕಳು. ಇನ್ನಿಬ್ಬರನ್ನು ಕರೆದಳು. ಅವಳದೂ ಹಳ್ಳಿಯಂತೆ, ಅವರ ಮನೆಯಲ್ಲೂ ಸಜ್ಜೆ ಹಿಟ್ಟು ಕುದಿಸುತ್ತಾರಂತೆ. ಕೋಲು ಇಸಕೊಂಡು ತಾನೂ ಬುಟ್ಟಿಯಲ್ಲಿ ಒಂದು ಸುತ್ತು ತಿರುವಿದಳು. ಅಜ್ಜಿ ಅವಳ ಕೈ ತಿದ್ದಿದಳು. "ಅಂಗಲ್ಲ ಕಣವ್ವ, ಸೊಂಟದಿಂದ ಬರ್ಬೇಕು."

ಇಬ್ಬರೂ ಕೆನ್ನೆ ಮುಟ್ಟಿಕೊಂಡು ಬೀಳ್ಕೊಂಡರು. ಕೋಲು ಒಳಗೆ ಹೋಯಿತು. ಹಿಂದೆ ನಿಂತು ಇದನ್ನೆಲ್ಲ ನೋಡಿ ನಗುತ್ತಿದ್ದೆ ಅಂತ ನನ್ನನ್ನು ಪಕ್ಕಕ್ಕೆ ಕರೆದು, ಬೆಲ್ಟು ಬಿಚ್ಚಿಸಿ, ಶೂ ಬಿಚ್ಚಿಸಿ ತಡಕಾಡಿದರು.

ಯಜಮಾನ್ರು ಆ ಕಡೆಯಿಂದ ನೋಡಿ ಐನೋರಿಗೆ ಅಂದರು: "ನೋಡಿ ಸ್ವಾಮಿ. ದೊಣ್ಣೆ ಮೇಲಿರೋ ನಂಬ್ಕೆ ಇವನ ಮೇಲಿಲ್ಲ."

ದಾರಿ ಯಾರನ್ನೂ ಕೇಳಬೇಡಿ

ಪಾಂಡವಪುರ ಬಸ್‌ಸ್ಟ್ಯಾಂಡಿನಲ್ಲಿ ದಾರಿ ಕೇಳಿದರೆ ಕೇಳಿಸಿಕೊಂಡವನು ಗಾಡಿ ನಿಲ್ಲಿಸಿ ಹತ್ತಿಸಿಕೊಂಡು ಹೋಗಿ ಬಿಡುತ್ತಾನೆ. ಡೆಲ್ಲಿಯಲ್ಲೂ ಹತ್ತಿಸಿಕೊಳ್ಳುತ್ತಾರೆ. ಆದರೆ ಇಳಿಸುವುದು ಅವರಿಗೆ ಬೇಕಾದ ಕಡೆ. ನಿಮ್ಮ ಲಾಡ್ಜು ಮುಚ್ಚಿದೆ ಅನ್ನುತ್ತಾರೆ, ರೋಡು ಬಂದ್ ಅನ್ನುತ್ತಾರೆ, ಸರ್ಕಾರಿ ಅಂಗಡಿ ತೋರಿಸ್ತೀನಿ ಅನ್ನುತ್ತಾರೆ. ನಂಬಬೇಡಿ. ಫೋನಿನಲ್ಲಿ ಮ್ಯಾಪು ನೋಡಿಕೊಳ್ಳಿ, ಆಟೋಗೆ ಹತ್ತುವ ಮೊದಲೇ ಮಾತಾಡಿಕೊಳ್ಳಿ.

ನಾನು ಮ್ಯಾಪು ತೆಗೆಯುವಷ್ಟರಲ್ಲಿ ಯಜಮಾನ್ರು ಒಬ್ಬನನ್ನು ದಾರಿ ಕೇಳಿಯಾಗಿತ್ತು. ಬಿಳಿ ಬಟ್ಟೆ, ಹಣೆಗೆ ಕುಂಕುಮ. ಅವನು ನಮ್ಮೆಲ್ಲರನ್ನೂ ಎರಡು ಆಟೋಗೆ ತುಂಬಿ ಶಾಲು ಅಂಗಡಿಯೊಂದಕ್ಕೆ ಇಳಿಸಿದ. "ಇದು ಮೋಸ ಯಜಮಾನ್ರೇ" ಅಂದೆ. "ನೀನು ಬಾಯ್ಮುಚ್ಲಾ. ಕುಂಕುಮ ಇಟ್ಟವ್ನೆ" ಅಂದರು.

ಅಂಗಡಿಯವನು ಗಾದಿ ಮೇಲೆ ಕೂರಿಸಿ ಚಹಾ ಕೊಟ್ಟ. ಅವನು ಮಾಡಿದ ತಪ್ಪು ಅದೊಂದೇ. ನಮ್ಮ ಕಡೆ ಒಬ್ಬರ ಜಾಗದಲ್ಲಿ ಕೂತು ಏನಾದರೂ ಕುಡಿದರೆ, ಅವರ ಕಷ್ಟಸುಖ ವಿಚಾರಿಸದೆ ಏಳುವ ಹಾಗಿಲ್ಲ. ಅವನು ಒಂದು ಶಾಲು ಬಿಚ್ಚಿ ಹಾಸಿದ. ಯಜಮಾನ್ರು ಅದನ್ನು ಪಕ್ಕಕ್ಕೆ ಸರಿಸಿ ಮೇಷ್ಟ್ರ ಕಡೆ ತಿರುಗಿದರು. "ಅಪ್ಪ ಅವ್ವ ಅವ್ರಾ ಕೇಳಿ."

ಮೇಷ್ಟ್ರು ಕೇಳಿದರು. ಅಪ್ಪ ತೀರಿಕೊಂಡಿದ್ದಾನಂತೆ. ಯಜಮಾನ್ರು ಲೊಚಗುಟ್ಟಿದರು. ಹೇಗೆ ತೀರಿಕೊಂಡ, ಯಾವ ಆಸ್ಪತ್ರೆ, ಕೊನೆಗೆ ನೀರು ಬಿಟ್ಟವರು ಯಾರು ಅಂತ ಕೇಳಿಸಿದರು. ಅವನು ಇನ್ನೊಂದು ಶಾಲು ಬಿಚ್ಚಿದ. ಜಮೀನು ಎಷ್ಟು? ನೀರಾವರಿಯೋ ಮಳೆ ಆಶ್ರಯವೋ? ಅಣ್ಣತಮ್ಮಂದಿರು ಭಾಗ ಆದರೋ? ಅವನು ಮತ್ತೊಂದು ಬಿಚ್ಚಿದ. ಅಜ್ಜಿ ಅದನ್ನು ಮಂಡಿಗೆ ಹೊದ್ದು, "ಹೆಂಡ್ರು ಬಸ್ರಿಯಾ ಕೇಳಪ್ಪ" ಅಂದಳು. ಐನೋರು ಅವನ ಅಂಗೈ ಎಳೆದುಕೊಂಡು ನೋಡತೊಡಗಿದರು. ಅಷ್ಟರಲ್ಲಿ ಒಬ್ಬರು ಫಾರಿನ್ ಗಿರಾಕಿ ಬಂದರು, ಕೂರಲು ಜಾಗವಿಲ್ಲದೆ ಹೊರಟುಹೋದರು.

ಬೆಳಗ್ಗೆ ಕೂತವರು ಬಿಸಿಲು ಇಳಿದರೂ ಏಳಲಿಲ್ಲ. ಕೊನೆಗೆ ಅಂಗಡಿಯವನೇ ಕೈ ಮುಗಿದು, ಹೊರಗೆ ಓಡಿ, ಆಟೋ ತಂದು, ಬಾಡಿಗೆಯನ್ನೂ ಅವನೇ ಕೊಟ್ಟು ಹತ್ತಿಸಿದ. ಯಜಮಾನ್ರು ಆಟೋದಿಂದ ಕೈ ಬೀಸುತ್ತ ಕಣ್ಣೊರೆಸಿಕೊಂಡರು.

"ಎಂಥಾ ಮನ್ಸ! ಗುರ್ತಿಲ್ಲ, ಪರಿಚಯ ಇಲ್ಲ, ಆಟೋಗೆ ಅವನೇ ಕೊಟ್ಟ. ನೀನೂ ಇದ್ದೀಯ, ಮೋಸ ಮೋಸ ಅಂತ."

ಸೋಮವಾರ

ಕೆಂಪು ಕೋಟೆಗೆ ಸೋಮವಾರ ರಜೆ. ನೆನಪಿಟ್ಟುಕೊಳ್ಳಿ. ನಾನು ಭಾನುವಾರವೇ ಹೋಗೋಣ ಅಂದೆ. ಭಾನುವಾರ ಜನ ಜಾಸ್ತಿ, ಸೋಮವಾರ ಹೋಗೋಣ ಅಂದವರು ಯಜಮಾನ್ರು. ಸೋಮವಾರ ಮುಚ್ಚಿರುತ್ತದೆ ಅಂದೆ. "ನಾವು ಅಷ್ಟು ದೂರದಿಂದ ಬಂದಿದ್ದೀವಿ ಅಂದ್ರೆ ತೆಗೀತಾರೆ ಬುಡು" ಅಂದರು.

ತೆಗೆಯಲಿಲ್ಲ.

ಮುಚ್ಚಿದ ಬಾಗಿಲ ಮುಂದೆ ಐನೋರು ಶಾಲು ಹೊದ್ದು ನಿಂತು ಒಂದು ಸಲ ಮೇಲೆ ಕೆಳಗೆ ನೋಡಿದರು. "ನಮ್ಮೂರಲ್ಲೂ ಕೋಟೆ ಇದೆ. ರಜಾ ಅನ್ನೋದೇ ಇಲ್ಲ. ಆಟೋ, ಟ್ರಾಕ್ಟರು, ಎಮ್ಮೆ ಎಲ್ಲ ಒಳಗೇ ಓಡಾಡ್ತವೆ. ರಾಜಧಾನಿ ಅಂತೆ, ರಾಜಧಾನಿ! ನಾವೂ ಆಗಿದ್ದೆವು. ಹಿಂಗೆ ಬಂದವರ ಮುಖಕ್ಕೆ ಬಾಗಿಲು ಹಾಕಲಿಲ್ಲ."

ಯಜಮಾನ್ರು ನನ್ನ ಕಡೆ ತಿರುಗಿದರು. "ಅಲ್ಲಾ, ಮುಚ್ಚಿರ್ತದೆ ಅಂತ ಗೊತ್ತಿದ್ದೂ ಗೊತ್ತಿದ್ದೂ ಕರ್ಕಂಡು ಬಂದ್ಯಲ್ಲ. ನಾಳೆ ನನ್ ಮಗಳ ಎಲ್ಲೆಲ್ಲಿಗೆ ಕರ್ಕಂಡೋಗ್ತೀಯಾ?"

ಆ ಮಾತಿನಲ್ಲಿ ನನಗೆ ಕೇಳಿಸಿದ್ದು 'ನನ್ ಮಗಳ' ಅನ್ನುವುದಷ್ಟೇ. ಇಡೀ ಡೆಲ್ಲಿಯಲ್ಲಿ, ಮುಚ್ಚಿದ ಬಾಗಿಲ ಮುಂದೆ ನಿಂತು ಖುಷಿಪಟ್ಟ ಪ್ರವಾಸಿ ಆವತ್ತು ನಾನೊಬ್ಬನೇ.

ತಲೆಗೆ ಬಟ್ಟೆ ಕಟ್ಟಿ, ಮುದುಕರಿಗೆ ಮೊದಲು ಬಡಿಸಿ

ಗುರುದ್ವಾರಕ್ಕೆ ಹೋದರೆ ಚಪ್ಪಲಿ ಹೊರಗೆ ಬಿಡಬೇಕು, ತಲೆ ಮುಚ್ಚಿಕೊಳ್ಳಬೇಕು. ಅಲ್ಲಿ ಬಂದವರಿಗೆಲ್ಲ ಊಟ ಹಾಕುತ್ತಾರೆ. ಯಾವ ಊರು, ಯಾವ ಜಾತಿ ಅಂತ ಕೇಳುವುದಿಲ್ಲ. ಸಾಲಾಗಿ ನೆಲದ ಮೇಲೆ ಕೂತರೆ ರೊಟ್ಟಿ, ಬೇಳೆ, ಪಾಯಸ ಬರುತ್ತಲೇ ಇರುತ್ತದೆ. ಡೆಲ್ಲಿಯಲ್ಲಿ ನನಗೆ ಹಿಡಿಸಿದ ಜಾಗ ಅದು.

ಯಜಮಾನ್ರು ಚಕ್ಕಳಮಕ್ಕಳ ಹಾಕಿ ಕೂತರು. ಕರೆದುಕೊಂಡು ಬಂದವನು ನಾನು, ಕೂರಿಸಿದವನು ನಾನು. ಇದು ನನ್ನ ಕಡೆಯ ಊಟ ಅಲ್ಲವಾ? ಅವರು ನನ್ನ ಮುಖ ನೋಡಿಯೇ ತಿಳಿದುಕೊಂಡರು. "ಇದು ದೇವ್ರ ಅನ್ನ ಕಣಪ್ಪ. ನಿಂದಲ್ಲ" ಅಂತ ರೊಟ್ಟಿ ಮುರಿದರು.

ಎಲ್ಲರೂ ಉಂಡು ಮುಗಿಸಿದೆವು, ಅಜ್ಜಿಯೊಬ್ಬಳನ್ನು ಬಿಟ್ಟು. ಹಲ್ಲಿಲ್ಲ ನೋಡಿ, ರೊಟ್ಟಿಯನ್ನು ಚೂರು ಚೂರು ಮಾಡಿ ಬೇಳೆಯಲ್ಲಿ ನೆನೆಹಾಕಿ ಕಾಯುತ್ತಿದ್ದಳು. ನಮ್ಮಲ್ಲಿ ಪಂಕ್ತಿಯಲ್ಲಿ ಹಿರಿಯರು ಕೈ ತೊಳೆಯುವ ಮುಂಚೆ ಏಳುವವನು ಮನುಷ್ಯನೇ ಅಲ್ಲ. ಖಾಲಿ ತಟ್ಟೆ ಮುಂದೆ ಸುಮ್ಮನೆ ಕೂತೆವು. ಖಾಲಿ ತಟ್ಟೆ ಇಟ್ಟುಕೊಂಡು ಕೂತಿರುವವರನ್ನು ಕಂಡರೆ ಅಲ್ಲಿಯವರು ಬಿಡುತ್ತಾರಾ? ಇನ್ನೂ ಹಸಿವಿದೆ ಪಾಪ ಅಂತ ಎರಡೆರಡು ರೊಟ್ಟಿ ಹಾಕಿ ಹೋದರು. ಹಾಕಿದ ಮೇಲೆ ಅನ್ನ ಬಿಸಾಡುವ ಹಾಗಿಲ್ಲ, ಉಂಡೆವು.

ಅಷ್ಟರಲ್ಲಿ ಅಜ್ಜಿ ಮುಗಿಸಿ ತಲೆ ಎತ್ತಿದಳು. ನೋಡುತ್ತಾಳೆ, ನಾವು ಇನ್ನೂ ಉಣ್ಣುತ್ತಿದ್ದೇವೆ. "ಹುಡುಗ್ರು ಉಣ್ತಾ ಇರೋವಾಗ ನಾನೆದ್ರೆ ಸಂಕೋಚ ಪಟ್ಕತವೆ" ಅಂತ ತಾನೂ ಕೈಯೊಡ್ಡಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡು ನೆನೆಹಾಕಿದಳು.

ನಾವು ಮುಗಿಸಿದೆವು. ಅಜ್ಜಿಗಾಗಿ ಕಾದೆವು. ಮತ್ತೆ ರೊಟ್ಟಿ ಬಂತು.

ನಮ್ಮ ಸಾಲಿನಲ್ಲಿದ್ದವರು ಎದ್ದುಹೋಗಿ, ಬೇರೆಯವರು ಬಂದು ಕೂತು, ಉಂಡು, ಅವರೂ ಹೋದರು. ಮೇಷ್ಟ್ರು ಪ್ಯಾಂಟಿನ ಬಟನ್ ಬಿಚ್ಚಿದರು. ಐನೋರು ಕಣ್ಣುಮುಚ್ಚಿ ಏನೋ ಮಂತ್ರ ಹೇಳುತ್ತಿದ್ದರು. ಅಲ್ಲಿಯ ಹುಡುಗರಂತೂ ಇಷ್ಟು ಪ್ರೀತಿಯಿಂದ ಉಣ್ಣುವವರನ್ನು ಕಂಡೇ ಇರಲಿಲ್ಲ ಅನ್ನಿಸುತ್ತದೆ, ನಮಗೆ ಅಂತಲೇ ಬಿಸಿ ರೊಟ್ಟಿ ತರಿಸಿದರು.

ಬಿಸಿ ರೊಟ್ಟಿ ಕಂಡದ್ದೇ ನಾನು ಎದ್ದು ನಿಂತೆ. ಯಾರಾದರೂ ಒಬ್ಬರು ಏಳಲೇಬೇಕಿತ್ತು, ಇಲ್ಲದಿದ್ದರೆ ಇವತ್ತಿಗೂ ನಾವು ಅಲ್ಲೇ ಉಣ್ಣುತ್ತಿರುತ್ತಿದ್ದೆವು. ನಾನೆದ್ದ ಮೇಲೆ ಎಲ್ಲರೂ ಎದ್ದರು.

"ನೋಡಿದ್ರಾ ಮೇಷ್ಟ್ರೇ? ಪಂಕ್ತಿ ಮುರ್ದ. ಹಿರೀಕ್ಳು ಉಣ್ತಾ ಇರೋವಾಗ ಎದ್ಬುಟ್ಟ. ಇಂಥೋನ್ಗೆ ಎಂಗೆ ಹೆಣ್ಣು ಕೊಡಾದು?" ಅಂದರು ಯಜಮಾನ್ರು.

ಆ ಮಾತು ಹೇಳುವಾಗ ಇಬ್ಬರು ಸರ್ದಾರ್ಜಿಗಳು ಅವರ ಕಂಕುಳಿಗೆ ಕೈಕೊಟ್ಟು ಎತ್ತಿ ಹಿಡಿದಿದ್ದರು.

ಪರಿಚಯದವರ ಮನೆಗೆ ಹೋಗುವುದಾದರೆ

ಇನ್ನೇನು ಹೊರಡುವ ದಿನ ಹತ್ತಿರ ಬಂತು ಅನ್ನುವಾಗ ಅಜ್ಜಿ ಮಲಗಿಬಿಟ್ಟಳು. ಜ್ವರವಿಲ್ಲ, ನೆಗಡಿಯಿಲ್ಲ. "ಇಟ್ಟು" ಅನ್ನುವುದೊಂದೇ ಮಾತು, ಮುದ್ದೆ ಬೇಕಂತೆ. ಹಿಟ್ಟಿದೆ, ಕೋಲಿದೆ, ಲಾಡ್ಜಿನಲ್ಲಿ ಒಲೆ ಹಚ್ಚಲು ಬಿಡುವುದಿಲ್ಲ. ಯಜಮಾನ್ರ ಮುಖ ಸಣ್ಣದಾಯಿತು. ಅವತ್ತು ಮೊದಲ ಸಲ ನನ್ನ ಭುಜ ಹಿಡಿದು, "ಏನಾರ ಮಾಡಪ್ಪ" ಅಂದರು.

ಮಾಡಿದೆ. ನಾಗಮಂಗಲಕ್ಕೆ ಫೋನು ಹಚ್ಚಿದೆ. ಅವನ ಹತ್ತಿರ, ಇವನ ಹತ್ತಿರ ಕೇಳಿ, ಡೆಲ್ಲಿಯಲ್ಲಿ ಸರ್ಕಾರಿ ಗುಮಾಸ್ತನಾಗಿರುವ ನಾಗಮಂಗಲ ಕಡೆಯ ಹುಡುಗನೊಬ್ಬನನ್ನು ಹಿಡಿದೆ. ಕ್ವಾರ್ಟರ್ಸು ಇದೆ, ಗ್ಯಾಸು ಇದೆ. ನಮ್ಮ ಜನವೇ. "ಬನ್ನಿ, ಅದಕ್ಕೇನು" ಅಂದ. ಎಲ್ಲರನ್ನೂ ಕರೆದುಕೊಂಡು ಹೋದೆ. ಇದಕ್ಕಿಂತ ದೊಡ್ಡ ಬುದ್ಧಿವಂತಿಕೆಯನ್ನು ನಾನು ಜೀವಮಾನದಲ್ಲಿ ಮಾಡಿಲ್ಲ.

ಗುಮಾಸ್ತ ಒಳ್ಳೆಯವನು. ಬೆಳ್ಳಗೆ, ಮೆತ್ತಗೆ, ಮಾತು ಕಡಿಮೆ. ನೀರು ಕಾಯಿಸಿಟ್ಟು, ಕೋಲು ಹಿಡಿದು, ಅದು ಯಾವ ತುದಿಯಿಂದ ಶುರು ಅಂತ ನೋಡುತ್ತ ನಿಂತಿದ್ದ. "ಗುರುವೇ, ನಂಗೆ ಬರಲ್ಲ. ಇಲ್ಲಿ ಬ್ರೆಡ್ಡೇ" ಅಂದ.

"ಅತ್ಲಾಗೆ ಸರಿ" ಅಂದೆ.

ಹಿಟ್ಟು ಸುರಿದೆ. ಪಾತ್ರೆ ನೆಲಕ್ಕಿಟ್ಟು, ಬಟ್ಟೆ ಕೊಟ್ಟು ಹಿಡಿದು ತಿರುವಿದೆ ನೋಡಿ! ಒಂದು ಗಂಟಿಲ್ಲ. ಅಜ್ಜಿ ಮಲಗಿದಲ್ಲಿಂದಲೇ ವಾಸನೆ ಹಿಡಿದು ಎದ್ದು ಕೂತಳು. ಸೊಪ್ಪಿನ ಸಾರು ಕುದಿಸಿದೆ. ಮುದ್ದೆ ಕಟ್ಟಿದರೆ ಕನ್ನಡಿ ಹಾಗೆ ಮಿರಮಿರ. ಗುಮಾಸ್ತ ತಟ್ಟೆ ಜೋಡಿಸಿದ. ಅವನು ಮಾಡಿದ್ದು ಅಷ್ಟೇ, ತಟ್ಟೆ ಜೋಡಿಸಿದ್ದು.

ಅಜ್ಜಿ ಉಂಡಳು, ಕಣ್ಣು ಬಿಟ್ಟಳು. ಮೇಷ್ಟ್ರು ಉಂಡರು. ಐನೋರು ಬಾಳೆಹಣ್ಣು ತಗೊಂಡರು. ಎಲ್ಲರೂ ಯಜಮಾನ್ರನ್ನೇ ನೋಡುತ್ತಿದ್ದೆವು. ಊರು ಬಿಟ್ಟು ಬಂದಾಗಿನಿಂದ ಅವರೂ ಮುದ್ದೆ ಕಂಡಿರಲಿಲ್ಲ. ಕೈ ತೊಳೆದರು. ಕೂತರು. ಮುರಿದರು. ಅದ್ದಿದರು. ನುಂಗಿದರು.

ನನಗೆ ಕಣ್ಣಲ್ಲಿ ನೀರು ಬಂತು. ನನ್ನ ಕೈಯ ಮುದ್ದೆ! ಉಂಡರು! ಒಪ್ಪಿದರು! ಎರಡನೆಯದನ್ನೂ ಹಾಕಿಸಿಕೊಂಡರು. ನಾನು ಅಡುಗೆಮನೆ ಬಾಗಿಲಲ್ಲಿ ಬೆವರು ಒರೆಸಿಕೊಳ್ಳುತ್ತ ಮದುವೆ ಎಲ್ಲಿ ಇಟ್ಟುಕೊಳ್ಳುವುದು ಅಂತ ಯೋಚಿಸುತ್ತಿದ್ದೆ.

ಯಜಮಾನ್ರು ಕೈ ತೊಳೆದು ಬಂದು ಗೋಡೆಗೊರಗಿದರು. ಗುಮಾಸ್ತನನ್ನು ಪಕ್ಕಕ್ಕೆ ಕೂರಿಸಿಕೊಂಡರು. "ಯಾವೂರಪ್ಪ ನಿಂದು? ಅಪ್ಪ ಅವ್ವ ಅವ್ರಾ? ಕೆಲ್ಸ ಪರ್ಮನೆಂಟಾ?" ಅಂದರು.

ಮೇಷ್ಟ್ರು ತಟ್ಟನೆ ತಲೆ ಎತ್ತಿದರು. "ಯಜಮಾನ್ರೇ, ನೀವು ಉಂಡ್ರಿ" ಅಂದೆ.

"ಔದು, ಉಂಡೆ" ಅಂದರು. "ಉಂಡ ಮ್ಯಾಕೆ ಮಾತಾಡ್ಬೇಕಲ್ಲ. ಅದ್ಕೆ ಇವರತ್ರ ಮಾತಾಡ್ತಾ ಇವ್ನಿ."

"ಮುದ್ದೆ ತಿರುವಿದ್ದು ನಾನು!"

ಯಜಮಾನ್ರು ಐನೋರ ಮುಖ ನೋಡಿದರು. ಐನೋರು ಬಾಳೆಹಣ್ಣಿನ ಸಿಪ್ಪೆಯನ್ನು ನಿಧಾನವಾಗಿ ಮಡಿಸಿಟ್ಟು ತೀರ್ಪು ಕೊಟ್ಟರು. "ಒಲೆ ಯಾರದೋ ಊಟ ಅವರದು."

"ಕೈ ನನ್ನದಲ್ವಾ ಸ್ವಾಮಿ?"

"ಮದುವೆ ಮನೇಲಿ ಕೈ ಅಡುಗೆ ಭಟ್ಟರದೇ ಇರುತ್ತೆ. ಹಾಗಂತ ಯಾರಾದರೂ ಭಟ್ಟರಿಗೆ ಹೆಣ್ಣು ಧಾರೆ ಎರೆದಿದ್ದಾರೇನಯ್ಯಾ?"

ವಾಪಸ್ಸು ಬಂದ ಮೇಲೆ

ಡೆಲ್ಲಿಯಿಂದ ಬಂದ ಮೇಲೆ ಕಾಲುನೋವು ಒಂದು ವಾರ ಇರುತ್ತದೆ. ಬಿಸಿನೀರು ಹಾಕಿಕೊಳ್ಳಿ. ಬಾಕಿ ನೋವಿಗೆ ನನಗೂ ಮದ್ದು ಗೊತ್ತಿಲ್ಲ.

ರಾಗಿ ಕುಯ್ಲು ಮುಗಿದ ಹೊತ್ತಿಗೆ ಯಜಮಾನ್ರು ಮೇಷ್ಟ್ರ ಜೊತೆ ನಮ್ಮ ಮನೆಗೆ ಬಂದರು. ಮದುವೆ ಪತ್ರಿಕೆ ಕೊಟ್ಟರು. ಗುಮಾಸ್ತನ ಹೆಸರು ಚಿನ್ನದ ಬಣ್ಣದ ಅಕ್ಷರದಲ್ಲಿತ್ತು. ನಮ್ಮವ್ವ ಪದ್ಧತಿ ಪ್ರಕಾರ ಎಲೆ ಹಾಕಿದಳು, ಏಳುತ್ತಾರೆ ಅಂದುಕೊಂಡೇ ಹಾಕಿದಳು. ಯಜಮಾನ್ರು ಟವೆಲು ಕೊಡವಿ ಕೂತೇಬಿಟ್ಟರು!

ಕೋಳಿಸಾರು, ಮುದ್ದೆ. ಉಂಡರು ನೋಡಿ, ಬೆರಳು ಬೆರಳು ನೆಕ್ಕಿದರು. "ಅವತ್ತೇ ಉಣ್ಬೇಕು ಅನ್ಸಿತ್ತು ಕಣವ್ವ. ಏನು ಮಾಡಾದು, ಹೆಣ್ಣೆತ್ತೋನು. ಈಗೇನು ಭಯ, ಇನ್ನೊಂದು ಹಾಕು" ಅಂದರು. ಅವ್ವ ನನ್ನ ಮುಖ ನೋಡದೆ ಹಾಕಿದಳು. ನಾನು ಕೊಟ್ಟಿಗೆಗೆ ಹೋಗಿ ಸುಮ್ಮನೆ ಹಸುವಿನ ಬೆನ್ನು ಸವರುತ್ತ ನಿಂತೆ.

ಅವರು ಎಲೆಅಡಿಕೆ ಹಾಕಿಕೊಂಡು ಅಲ್ಲಿಗೇ ಬಂದರು. "ಬೇಜಾರ್ ಮಾಡ್ಕಬೇಡ ಕಣ್ಲಾ. ನನ್ ಮಗಳೂ ನಿನ್ನ ಬ್ಯಾಡ ಅಂದಿರ್ನಿಲ್ಲ. ಆದ್ರೆ ಅವನ್ದು ಸರ್ಕಾರಿ ಕೆಲ್ಸ. ನಾನೊಬ್ಬ ಬ್ಯಾಡ ಅಂದ್ರೂ ಊರು ಬುಟ್ಟದಾ?" ಸ್ವಲ್ಪ ಹೊತ್ತು ಕುರಿ ನೋಡಿದರು. "ಡೆಲ್ಲೀಲಿ ನಮ್ಮವ್ವನ ಉಳಿಸ್ದೋನು ನೀನು. ನನ್ ಹೊಟ್ಟೇಲಿ ಉಟ್ಟಿದ್ರೂ ಅಷ್ಟು ಮಾಡ್ತಿರ್ನಿಲ್ಲ. ಮಗ ಇದ್ದಂಗೆ ನೀನು."

ನಾನು ಹಸುವಿಗೆ ಒಂದು ಹಿಡಿ ಹುಲ್ಲು ಹಾಕಿದೆ.

"ಅದ್ಕೇ ಒಂದು ಕೇಳ್ತೀನಿ. ನಂಗೆ ಗಂಡುಮಕ್ಳಿಲ್ಲ. ದಾಯಾದಿಗಳ ಜೊತೆ ಮಾತಿಲ್ಲ. ಮದ್ವೆ ದಿನ ಹೆಣ್ಣಿಗೆ ಅಣ್ಣ ಅಂತ ಯಾರಾರ ನಿಂತ್ಕಬೇಕಲ್ಲ, ಗಂಡಿನ ಕಾಲು ತೊಳ್ಯಕ್ಕೆ, ಕೈ ಹಿಡ್ಕಂಡು ಮಂಟಪಕ್ಕೆ ಕರ್ಕಂಡ್ ಬರಕ್ಕೆ."

ಹಿಂದೆ ನಿಂತಿದ್ದ ಮೇಷ್ಟ್ರು ಕೆಮ್ಮಿ ಆ ಕಡೆ ತಿರುಗಿಕೊಂಡರು. ನಾನು 'ಆಗಲ್ಲ' ಅನ್ನಬೇಕು ಅಂತಲೇ ಬಾಯಿ ತೆಗೆದೆ. ಮನೆ ಬಾಗಿಲಿಗೆ ಬಂದು ಉಂಡು, ಮಗ ಅಂದು, ಕೈ ಹಿಡಿದು ಕೇಳಿದವರಿಗೆ ಇಲ್ಲ ಅನ್ನುವುದಕ್ಕೆ ನಮ್ಮ ಕಡೆ ಬಾಯಿ ಬರುವುದಿಲ್ಲ. "ಆಯ್ತು ಬುಡಿ" ಅಂದೆ.

ಪಾಂಡವಪುರದ ಕಲ್ಯಾಣ ಮಂಟಪ. ನಾನು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದೆ. ಸುಳ್ಳು ಯಾಕೆ, ಆವತ್ತು ಗಂಡಿಗಿಂತ ನಾನೇ ಚೆನ್ನಾಗಿದ್ದೆ. ತಾಮ್ರದ ತಟ್ಟೆಯಲ್ಲಿ ಗುಮಾಸ್ತನ ಕಾಲಿಟ್ಟು ನೀರು ಹಾಕಿ ತೊಳೆದೆ. ಮೆತ್ತಗಿನ ಕಾಲು. "ಗುರುವೇ, ನೀವಾ?" ಅಂತ ಅವನು ಗಾಬರಿಯಾಗಿ ಕಾಲು ಎಳೆದುಕೊಳ್ಳಲು ಹೋದ. ಗಟ್ಟಿಯಾಗಿ ಹಿಡಿದುಕೊಂಡೆ. ಬಟ್ಟೆಯಲ್ಲಿ ಒರೆಸಿದೆ. ಛತ್ರಿ ಹಿಡಿಸಿ, ಕೈ ಹಿಡಿದು, ವಾಲಗದ ಮುಂದೆ ಮಂಟಪಕ್ಕೆ ಕರೆತಂದು ಮಣೆ ಮೇಲೆ ಕೂರಿಸಿದೆ. ಎದುರಿಗೆ ಅಂತರಪಟ ಹಿಡ್ಕೊಳ್ಳಿ ಅಂದರು, ಅದನ್ನೂ ಹಿಡಿದೆ. ಬಟ್ಟೆಯ ಆ ಕಡೆ ಅವಳಿದ್ದಳು.

ಅಂತರಪಟ ಸರಿಸು ಅಂತ ಪುರೋಹಿತರು ಮೂರು ಸಲ ಕೂಗಬೇಕಾಯಿತಂತೆ. ಕೊನೆಗೆ ಅಜ್ಜಿಯೇ ಎದ್ದು ಬಂದು ನನ್ನ ಬೆರಳು ಬಿಡಿಸಿದಳಂತೆ. ನೋಡಿದವರು ಹೇಳುತ್ತಾರೆ. ನನಗೆ ನೆನಪಿಲ್ಲ.

ಧಾರೆ ಮುಗಿದ ಮೇಲೆ ಗಂಡಿನ ಕಡೆಯಿಂದ ಬಾಮೈದನಿಗೆ ಮರ್ಯಾದೆ ಅಂತ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಹೋದೆ. ಒಂದು ಪಂಚೆ, ಒಂದು ಶಲ್ಯ ಕೊಟ್ಟರು.